ನೇತ್ರಾಣಿಗೆ ಹೊರಡುವ ಮೊದಲು

ನೇತ್ರಾಣಿ ದ್ವೀಪಕ್ಕೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೇಳುವುದು ದೋಣಿ ಎಷ್ಟು ಹೊತ್ತಿಗೆ, ತಲೆಗೆ ಎಷ್ಟು ಎಂದು. ಅಕ್ಕನ ಮಗಳನ್ನು ಕರೆದುಕೊಂಡು ಜನವರಿಯಲ್ಲಿ ಅಲ್ಲಿಗೆ ಹೋಗುವುದೆಂದು ಮಾತಾದ ಮೇಲೆ ನಾನು ಹಾಳೆಯಲ್ಲಿ ಬರೆದುಕೊಂಡ ಮೊದಲ ಸಾಲು ಬೇರೆ: ದ್ವೀಪದ ಮೇಲೆ ಕಾಲಿಡುವುದಿಲ್ಲ. ತಿಂಗಳು, ತಿಥಿ, ದೋಣಿ, ಎಣ್ಣೆ, ಬುತ್ತಿ ಎಲ್ಲವೂ ಆ ಸಾಲಿನ ಕೆಳಗೆ ಬಂದವು. ಹುಡುಗಿ ಅದನ್ನು ಓದಿ, "ಅಷ್ಟು ದೂರ ಹೋಗಿ ಇಳೀದೇ ಬರೂದಾ ಮಾವಾ?" ಅಂದಳು. ಅವಳಿಗೆ ಅವತ್ತು ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

ಮುರ್ಡೇಶ್ವರದ ಕಡಲತಡಿಯಲ್ಲಿ ನಿಂತು, ಪಶ್ಚಿಮದಿಂದ ಸ್ವಲ್ಪ ನೈರುತ್ಯಕ್ಕೆ ಕಣ್ಣು ಹಾಯಿಸಿದರೆ, ಮಬ್ಬಿಲ್ಲದ ದಿನ ನೀರಿನಂಚಿನಲ್ಲಿ ಒಂದು ನೀಲಿ ಗುಡ್ಡ ಕಾಣುತ್ತದೆ. ಸುಮಾರು 10 ನಾಟಿಕಲ್ ಮೈಲಿ, ಅಂದರೆ 19 ಕಿಲೋಮೀಟರಿನ ಆಸುಪಾಸು. ಹಳೆಯ ಇಂಗ್ಲಿಷ್ ನಕಾಶೆಗಳಲ್ಲಿ ಇದು ಪಿಜನ್ ಐಲ್ಯಾಂಡ್. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ ಕಾಣುತ್ತದೆಂದು ಈಗ ಜಾಹೀರಾತುಗಳಲ್ಲಿ ಅದೇ ದೊಡ್ಡ ಸಂಗತಿ. ಜನವಸತಿ ಇಲ್ಲ. ಕಡಿದಾದ ಕಲ್ಲಿನ ದಡ, ಮೇಲೆ ಮರಗಳು, ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದಿನ ಗೂಡುಗಳು, ಕಲ್ಲಿನ ಗುಹೆಗಳಲ್ಲಿ ತಮ್ಮ ಜೊಲ್ಲಿನಿಂದಲೇ ಗೂಡು ಅಂಟಿಸುವ ಪುಟ್ಟ ಬಾನಾಡಿಗಳು, ಬುಡದ ಸುತ್ತ ನೀರಿನೊಳಗೆ ಹವಳ. ಮೀನುಗಾರರು ಹರಕೆ ಒಪ್ಪಿಸುವ ತಾಣಗಳೂ ಅಲ್ಲಿವೆ. ಅವರದು ಕಾರಣವಿದ್ದು ಹೋಗುವ ಹೋಗುವಿಕೆ. ನಮ್ಮಂಥವರು ನೋಡುವ ಆಸೆಗೆ ಹೋಗುವವರು. ನಮ್ಮ ಮೇಲೆ ಕಟ್ಟುಪಾಡು ಹೆಚ್ಚಿರುವುದು ನ್ಯಾಯ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ, ಆನೆಗಳ ಜೊತೆಗೇ ದಿಬ್ಬ ಕಟ್ಟುವ ಹವಳವೂ ಇದೆ, ತಿಮಿಂಗಿಲ ಶಾರ್ಕ್ ಇದೆ, ಕಡಲಾಮೆ ಇದೆ, ಕಡಲಹದ್ದೂ ಇದೆ. ನೇತ್ರಾಣಿಯ ಬುಡದಲ್ಲಿ ಬೆರಳುದ್ದದ ಒಂದು ಹವಳದ ಕೊಂಬೆ ಮುರಿದು ಜೇಬಿಗೆ ಹಾಕಿಕೊಂಡವನು, ಕಾಯ್ದೆಯ ಕಣ್ಣಲ್ಲಿ, ಕಾಡಿನಲ್ಲಿ ಬೇಟೆಯಾಡಿದವನ ಸಾಲಿಗೇ ಸೇರುತ್ತಾನೆ. ಬಂಡೀಪುರದಲ್ಲಿ ಜೀಪಿನಿಂದ ಕೆಳಗಿಳಿಯಬಾರದು ಎಂದರೆ ಯಾರೂ ವಾದ ಮಾಡುವುದಿಲ್ಲ. ಸಮುದ್ರದಲ್ಲಿ ಮಾತ್ರ, ಬೇಲಿ ಕಾಣದ ಕಾರಣಕ್ಕೆ, ಅದೇ ಜನ ದೋಣಿಯಿಂದ ಕಲ್ಲಿಗೆ ಹಾರಲು ಸಿದ್ಧರಾಗುತ್ತಾರೆ. ಡೈವಿಂಗ್‌ಗೆ ಕರೆದೊಯ್ಯುವವರು ಯಾರನ್ನೂ ದ್ವೀಪಕ್ಕೆ ಹತ್ತಿಸುವುದಿಲ್ಲ. ಹತ್ತಿಸಿ ಎಂದು ಪೀಡಿಸುವವರಿಗೆ ಮಾತ್ರ ಕೊರತೆಯಿಲ್ಲ.

ಇಳಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮಲ್ಪೆಯ ಎದುರಿಗಿರುವ ಸೈಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹತ್ತಿದರೆ ಸಾಕು. ಅಲ್ಲಿರುವ ಐದು, ಆರು, ಏಳು ಮೂಲೆಯ ಕಲ್ಲುಕಂಬಗಳು ಲಾವಾ ತಣಿದು ಬಿರಿದು ಆದವು; ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾದ ಕಾಲದವು, ಹತ್ತಿರ ಹತ್ತಿರ 9 ಕೋಟಿ ವರ್ಷ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಷ್ಟು ಹಳೆಯ ಕಂಬಗಳ ಸಂದಿಯಲ್ಲಿ ನಾನು ಚಿಪ್ಸ್ ಪೊಟ್ಟಣ ಹೆಕ್ಕಿದ್ದೇನೆ. ಕಲ್ಲು ತಡೆದುಕೊಳ್ಳುತ್ತದೆ, ಗುಡಿಸಿದರೆ ಮೊದಲಿನಂತಾಗುತ್ತದೆ. ಹದ್ದಿನ ಗೂಡು ಹಾಗಲ್ಲ.

ಬಿಳಿಹೊಟ್ಟೆಯ ಕಡಲಹದ್ದು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಕಾವು ಸುಮಾರು ಆರು ವಾರ. ಮರಿ ಹಾರಲು ಮತ್ತೆ ಎರಡು ತಿಂಗಳಿಗೂ ಮೇಲೆ. ಜೋಡಿ ವರ್ಷವರ್ಷವೂ ಅದೇ ಗೂಡಿಗೆ ಬಂದು, ಹಳೆಯದರ ಮೇಲೆ ಹೊಸ ಕಡ್ಡಿ ಪೇರಿಸುತ್ತದೆ. ನಾಲ್ಕು ಜನ ಮರದ ಬುಡಕ್ಕೆ ಬಂದು ಸೆಲ್ಫಿ ತೆಗೆದುಕೊಳ್ಳುವ ಅರ್ಧ ಗಂಟೆ ತಾಯಿಹಕ್ಕಿ ಆಕಾಶದಲ್ಲಿ ಸುತ್ತುತ್ತಿದ್ದರೆ, ಬಿಸಿಲಿಗೆ ಬಿದ್ದ ಮೊಟ್ಟೆಗೆ ಅಷ್ಟೇ ಸಾಕು. ಅದು ಸತ್ತದ್ದು ಸೆಲ್ಫಿ ತೆಗೆದವರಿಗೆ ಗೊತ್ತೂ ಆಗುವುದಿಲ್ಲ. ಬ್ಯಾಗಿನೊಳಗೆ ಸೇರಿಕೊಂಡ ಒಂದು ಇಲಿ, ಚಪ್ಪಲಿಯ ಅಡಿಗೆ ಅಂಟಿದ ಒಂದು ಕಳೆಯ ಬೀಜ ಕೂಡ ಇಷ್ಟು ಚಿಕ್ಕ ಜಾಗದಲ್ಲಿ ಮಾಡುವ ಹಾನಿ ದೊಡ್ಡದು. ಜಗತ್ತಿನ ಎಷ್ಟೋ ಹಕ್ಕಿದ್ವೀಪಗಳು ಬರಿದಾದದ್ದು ಹಡಗಿನಿಂದ ಇಳಿದ ಇಲಿಗಳಿಂದ. ಐರ್ಲೆಂಡಿನ ಸ್ಕೆಲ್ಲಿಗ್ ಮೈಕಲ್ ದ್ವೀಪಕ್ಕೆ, ವರ್ಷದಲ್ಲಿ ಕೆಲವೇ ತಿಂಗಳು, ದಿನಕ್ಕೆ 180 ಜನರನ್ನು ಮಾತ್ರ ಸಣ್ಣ ದೋಣಿಗಳಲ್ಲಿ ಬಿಡುತ್ತಾರೆ. ಅಲ್ಲಿ ಕಾವಲಿಗೆ, ವಿವರಿಸಲಿಕ್ಕೆ ಜನ ದ್ವೀಪದಲ್ಲೇ ಉಳಿಯುತ್ತಾರೆ. ನೇತ್ರಾಣಿಯಲ್ಲಿ ಅಂಥ ವ್ಯವಸ್ಥೆ ಯಾವುದೂ ಇಲ್ಲ. ಎಣಿಸುವವರು ಇಲ್ಲದ ಕಡೆ ನಮ್ಮನ್ನು ನಾವೇ ಎಣಿಸಿಕೊಳ್ಳಬೇಕು, ಮತ್ತು ನನ್ನ ಎಣಿಕೆಯಲ್ಲಿ ಇಳಿಯುವವರ ಸಂಖ್ಯೆ ಸೊನ್ನೆ.

ಇನ್ನು ತಿಂಗಳ ಪ್ರಶ್ನೆ. ಇದೇ ನನ್ನನ್ನು ಹೆಚ್ಚು ಕಾಡಿದ್ದು.

ಮಳೆಗಾಲದ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಡಲು ಇನ್ನೂ ಮೈ ಮುರಿಯುತ್ತಿರುತ್ತದೆ, ಶರಾವತಿ, ವೆಂಕಟಾಪುರ ಹೊಳೆಗಳು ತಂದ ಕೆಂಪುನೀರಿನಲ್ಲಿ ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಅಕ್ಟೋಬರ್, ನವೆಂಬರ್ ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಕಾಲ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಕೇರಳ, ತಮಿಳುನಾಡಿನ ಎಷ್ಟು ಮೀನುಗಾರರ ಮನೆ ಕತ್ತಲು ಮಾಡಿತೆಂದು ಕರಾವಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಏಪ್ರಿಲ್ ದಾಟಿದರೆ ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಹುಟ್ಟಿದ ಉದ್ದನೆಯ ತೆರೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುತ್ತವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ದಡವನ್ನೇ ಕೊರೆದುಕೊಂಡು ಹೋಯಿತು. ಹಾಗೆ ಜರಡಿ ಹಿಡಿದರೆ ಉಳಿಯುವುದು ಡಿಸೆಂಬರ್, ಜನವರಿ, ಫೆಬ್ರವರಿ. ನೀರು ತಿಳಿ, ಬೆಳಗಿನ ಗಾಳಿ ನೆಲದ ಕಡೆಯಿಂದ, ಕಡಲು ಮಟ್ಟಸ.

ಹಕ್ಕಿಗಳೂ ಇದೇ ಲೆಕ್ಕ ಹಾಕಿವೆ. ನಮಗೆ ಹೋಗಲು ಒಳ್ಳೆಯ ಈ ಮೂರು ತಿಂಗಳು ಕಡಲಹದ್ದುಗಳ ಗೂಡಿನ ಕಾಲದ ನಟ್ಟನಡುವೆ ಬೀಳುತ್ತವೆ. ಗೂಡಿನ ಕಾಲ ತಪ್ಪಿಸಿ ಹೋಗೋಣವೆಂದರೆ ನಮ್ಮ ಜೀವಕ್ಕೆ ಸಂಚಕಾರ. ನಮ್ಮ ಸುರಕ್ಷಿತ ಕಾಲಕ್ಕೆ ಹೋದರೆ ಅವುಗಳ ಮರಿಗೆ. ಇದಕ್ಕೆ ನನಗೆ ಕಂಡ ದಾರಿ ಒಂದೇ: ಹೋಗುವುದು ಜನವರಿಯಲ್ಲೇ, ಆದರೆ ದೂರದಲ್ಲಿರುವುದು. ಗೂಡಿನ ಮರಗಳಿರುವ ದಡದ ಕೆಳಗೆ ದೋಣಿ ಸುಳಿಯುವುದಿಲ್ಲ, ಇಂಜಿನ್ ಅರಚುವುದಿಲ್ಲ, ಡ್ರೋನ್ ಇಲ್ಲವೇ ಇಲ್ಲ. ಹುಡುಗಿಗೆ ಬೈನಾಕ್ಯುಲರ್ ಕೊಡಿಸಿದ್ದೇನೆ. ಹದ್ದು ಮೀನು ಹಿಡಿಯುವುದನ್ನು ನೋಡಲು ದೂರವೇ ಒಳ್ಳೆಯದು. ಹತ್ತಿರ ಹೋದರೆ ನೋಡಲು ಸಿಗುವುದು ಹೆದರಿದ ಹದ್ದು.

ತಿಂಗಳು ಸಿಕ್ಕ ಮೇಲೆ ದಿನ. ಇಲ್ಲಿ ಪಂಚಾಂಗ ಕೈಗೆ ಬಂತು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಇಳಿತ ಜೋರು, ನೀರಿನ ಸೆಳೆತ ಜೋರು, ತಳದ ಕೆಸರು ಎದ್ದು ನೀರು ಮಬ್ಬು. ಅಷ್ಟಮಿಯ ಆಚೀಚೆ ಎಲ್ಲವೂ ಸೌಮ್ಯ. ಮೊದಲ ಸಲ ಸಮುದ್ರದಲ್ಲಿ ಮುಖ ಮುಳುಗಿಸುವ ಹುಡುಗಿಗೆ ಅಷ್ಟಮಿಯೇ ಸರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಹಳೆಯ ಲೆಕ್ಕದಲ್ಲಿ ದಿನಕ್ಕೆ 60 ಘಳಿಗೆ, ತಿಂಗಳಿಗೆ 30 ತಿಥಿ, ತಿಥಿಗೆ ಎರಡು ಘಳಿಗೆ, ಅಂದರೆ 48 ನಿಮಿಷ. ಎರಡೂ ಹೀಗೆ ಕೈ ಹಿಡಿದುಕೊಂಡು ಬರುವುದು ನೋಡಿ ಖುಷಿಯಾಯಿತು. ಆದರೂ ಹೊರಡುವ ದಿನದ ಗಳಿಗೆಗೆ ನಾನು ನಂಬುವುದು ಕಾರವಾರ ಬಂದರಿನ ಉಬ್ಬರದ ಪಟ್ಟಿಯನ್ನು.

ಎಲ್ಲಿಂದ ಹೊರಡಬೇಕು ಎನ್ನುವುದಕ್ಕೂ ಉಬ್ಬರಕ್ಕೂ ನಂಟಿದೆ. ಭಟ್ಕಳದ ಕಡೆಯ ತೆಂಗಿನಗುಂಡಿ ಬಂದರಿನಿಂದ ಹೊರಟರೆ ಅಳಿವೆ ದಾಟಬೇಕು. ಹೊಳೆ ಕಡಲು ಸೇರುವಲ್ಲಿ ಮರಳದಿಬ್ಬ. ಇಳಿತದ ನೀರು ಹೊರಗೆ ನುಗ್ಗುವಾಗ ಒಳಗೆ ಬರುವ ತೆರೆ ಅದಕ್ಕೆ ಎದುರಾದರೆ, ತೆರೆ ಕಡಿದಾಗಿ ಎದ್ದು ಒಡೆಯುತ್ತದೆ. ಕರಾವಳಿಯಲ್ಲಿ ದೋಣಿ ಮಗುಚಿದ ಸುದ್ದಿಗಳಲ್ಲಿ ಬಹಳಷ್ಟು ನಡುಗಡಲಿನವಲ್ಲ, ಅಳಿವೆಯವು. ಅದಕ್ಕೇ ಮುರ್ಡೇಶ್ವರದ ತಡಿಯಿಂದಲೇ ಹೊರಡುವುದೆಂದು ನಿಶ್ಚಯಿಸಿದೆ. ಇನ್ನೊಂದು ಅನುಕೂಲ: ಅಲ್ಲಿನ 20 ಅಂತಸ್ತಿನ, 237 ಅಡಿ ಎತ್ತರದ ರಾಜಗೋಪುರ. ನೀರಿನ ಮಟ್ಟದಲ್ಲಿ ಕೂತವನ ಕಣ್ಣಿಗೆ ಅಷ್ಟು ಎತ್ತರದ ತುದಿ, ಭೂಮಿಯ ಬಾಗು ಲೆಕ್ಕ ಹಾಕಿದರೂ, ಸುಮಾರು 20 ನಾಟಿಕಲ್ ಮೈಲಿವರೆಗೆ ದಿಗಂತದ ಮೇಲಿರುತ್ತದೆ. ಮಬ್ಬಿಲ್ಲದಿದ್ದರೆ ದ್ವೀಪದ ಪಕ್ಕದಿಂದಲೂ ಮನೆಯ ದಿಕ್ಕು ಕಣ್ಣಿಗೆ ಸಿಗುತ್ತದೆ. ಜಿಪಿಎಸ್ ಇದ್ದರೂ, ದಿಕ್ಸೂಚಿ ಇದ್ದರೂ, ಕಣ್ಣಿಗೆ ಕಾಣುವ ಗುರುತಿನಷ್ಟು ಧೈರ್ಯ ಬೇರೆ ಯಾವುದೂ ಕೊಡುವುದಿಲ್ಲ.

ದೋಣಿ. ಮೀನು ಹಿಡಿಯಲು ನೋಂದಣಿಯಾದ ದೋಣಿಯಲ್ಲಿ ಪರಿಚಯದ ಮೇಲೆ ಹತ್ತಿ ಹೋಗುವವರಿದ್ದಾರೆ. ನನಗದು ಬೇಡವೆನಿಸಿತು. ಏನಾದರೂ ಆದರೆ ಹೊಟ್ಟೆಪಾಡಿನ ಪರವಾನಗಿ ಕಳೆದುಕೊಳ್ಳುವವರು ಅವರು. ಪ್ರಯಾಣಿಕರನ್ನು ಒಯ್ಯಲು ಅನುಮತಿಯಿರುವ, ಎರಡು ಔಟ್‌ಬೋರ್ಡ್ ಇಂಜಿನ್ನಿನ ಸಣ್ಣ ಫೈಬರ್ ದೋಣಿ ಗೊತ್ತುಮಾಡಿದೆ. ಎರಡು ಇಂಜಿನ್ ಇರುವುದು ವೇಗಕ್ಕಲ್ಲ. 12 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿಯಂತೆ, 50 ನಿಮಿಷದ ದಾರಿ. ಒಂದು ಇಂಜಿನ್ ನಿಂತು ಇನ್ನೊಂದೇ 5-6 ನಾಟ್‌ನಲ್ಲಿ ಎಳೆದು ತಂದರೆ ಎರಡು ಗಂಟೆ. ನಮ್ಮ ದಿನದ ಗಡಿಯಾರವನ್ನು ನಾನು ಕಟ್ಟಿದ್ದು ಈ ಎರಡು ಗಂಟೆಯ ಮೇಲೆ, ಆ 50 ನಿಮಿಷದ ಮೇಲಲ್ಲ. ಎಣ್ಣೆಗೂ ಅದೇ ನಿಯಮ: ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು ಪಾಲು, ಉಳಿದದ್ದನ್ನು ಮುಟ್ಟುವಂತಿಲ್ಲ.

ನಡೆಸುವವರು ಹಿಂದೆ ಮೀನುದೋಣಿಯಲ್ಲಿ ತಾಂಡೇಲರಾಗಿದ್ದವರು, ಅಂದರೆ ದೋಣಿಯ ಮುಖ್ಯಸ್ಥರಾಗಿದ್ದವರು. ಅವರ ಮನೆಯ ಜಗುಲಿಯಲ್ಲಿ ಕೂತು ನನ್ನ ಹಾಳೆ ಓದಿ ಹೇಳಿದೆ. ತಾಳ್ಮೆಯಿಂದ ಪೂರ್ತಿ ಕೇಳಿದರು. "ಹೋಗೂದು ದೊಡ್ಡ ಮಾತಲ್ಲ ತಮಾ," ಅಂದರು, "ಹನ್ನೊಂದೂವರೆಗೆ ಅಲ್ಲಿಂದ ಬಿಡೂಕೆ ಮನಸ್ ಬರ್ಬೇಕು. ಅದೇ ಕಷ್ಟ."

ಹನ್ನೊಂದೂವರೆ ಏಕೆಂದರೆ ಗಾಳಿ. ರಾತ್ರಿ ತಣಿದ ನೆಲದಿಂದ ಬೆಳಿಗ್ಗೆ ಕಡಲಿನ ಕಡೆಗೆ ಬೀಸುವ ಗಾಳಿ, ಬಿಸಿಲೇರಿ ನೆಲ ಕಾದ ಮೇಲೆ ತಿರುಗಿ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಅದು ವಾಯವ್ಯದಿಂದ ಬಲವಾಗುತ್ತದೆ. ನಾವು ಹಿಂತಿರುಗುವ ದಾರಿ ಪೂರ್ವದಿಂದ ಸ್ವಲ್ಪ ಈಶಾನ್ಯಕ್ಕೆ. ಅಂದರೆ ತೆರೆ ಬೆನ್ನಿಗಲ್ಲ, ದೋಣಿಯ ಎಡಮಗ್ಗುಲಿಗೆ ಹೊಡೆಯುತ್ತದೆ. ಸಣ್ಣ ದೋಣಿಗೆ ಮಗ್ಗುಲಿನ ತೆರೆ ಒಳ್ಳೆಯದಲ್ಲ. ಹೊಟ್ಟೆ ತೊಳೆಸಿದವರ ಪಾಡಂತೂ ಕೇಳಲೇ ಬಾರದು. ಇದೆಲ್ಲ ನನಗೆ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟ ಮೇಲೆ ತಿಳಿಯಿತು. ತಾಂಡೇಲರು ಗಡಿಯಾರದ ಒಂದು ಹೊತ್ತು ಹೇಳಿ ಮುಗಿಸಿದ್ದರು.

ಹೀಗಾಗಿ ಬೆಳಿಗ್ಗೆ ಏಳಕ್ಕೆ ಹೊರಡುವುದು. ಅದಕ್ಕೂ ಮೊದಲು, ಹಿಂದಿನ ಸಂಜೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಕಡಲ ಸ್ಥಿತಿಯ ಮುನ್ಸೂಚನೆ ಮತ್ತು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ನೋಡುವುದು. ತೆರೆಯ ಎತ್ತರ ಒಂದು ಮೀಟರ್ ದಾಟುತ್ತದೆಂದಿದ್ದರೆ ಹೋಗುವುದಿಲ್ಲ. ಬೆಳಿಗ್ಗೆ ತಡಿಯಲ್ಲಿ ನಿಂತಾಗ ದೂರದ ತೆರೆಗಳ ತಲೆ ಬೆಳ್ಳಗೆ ಕಂಡರೂ ಹೋಗುವುದಿಲ್ಲ. ತಾಂಡೇಲರು ಬೇಡ ಎಂದರೆ, ಕಾರಣ ಕೇಳದೆ, ಹೋಗುವುದಿಲ್ಲ. ರಜೆ ಹಾಕಿದ್ದೇವೆ, ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದೇವೆ ಎನ್ನುವುದು ಕಡಲಿಗೆ ಸಂಬಂಧಪಡದ ಸಂಗತಿ. ಮರುದಿನವನ್ನೂ ಖಾಲಿ ಇಟ್ಟುಕೊಂಡಿದ್ದೇನೆ. ಅದೂ ಆಗದಿದ್ದರೆ ಅಪ್ಸರಕೊಂಡಕ್ಕೆ ಹೋಗಿ ಬಂಡೆಯ ಮೇಲೆ ಕೂತು ಬರುತ್ತೇವೆ.

ಇನ್ನೊಂದು ವಿಚಾರಣೆ ಎಲ್ಲಕ್ಕಿಂತ ಮುಖ್ಯ, ಹೇಳಲು ನೋವಾಗುವಂಥದ್ದು. ನೌಕಾಪಡೆ ನೇತ್ರಾಣಿಯನ್ನು ಗುಂಡಿನ ಅಭ್ಯಾಸದ ಗುರಿಯಾಗಿ ಬಳಸುತ್ತ ಬಂದಿದೆ. ಅಭ್ಯಾಸದ ದಿನಗಳಲ್ಲಿ ಆ ಕಡೆ ದೋಣಿ ಸುಳಿಯುವಂತಿಲ್ಲ, ನಾವಿಕರಿಗೆ ಎಚ್ಚರಿಕೆ ಹೊರಡುತ್ತದೆ. ಆದ್ದರಿಂದ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ದಿನ, ದೋಣಿ, ಜನರ ವಿವರ ಕೊಟ್ಟು, ಅವತ್ತು ಹೋಗಬಹುದೆಂದು ಖಾತ್ರಿ ಮಾಡಿಕೊಳ್ಳದೆ ಹೊರಡುವುದಿಲ್ಲ. ದ್ವೀಪಕ್ಕೆ ಹತ್ತದಿರಲು ಇದೂ ಒಂದು ಕಾರಣ: ಸಿಡಿಯದೆ ಉಳಿದದ್ದು ಎಲ್ಲಿ ಬಿದ್ದಿದೆಯೋ ನಮಗೇನು ಗೊತ್ತು. ನೌಕಾಪಡೆಗೆ ಅಭ್ಯಾಸ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎಳೆದೊಯ್ಯುವ, ತೇಲುವ ಗುರಿಗಳನ್ನು ಮನುಷ್ಯ ಮಾಡಬಲ್ಲ. ಹವಳ ಮೊದಲ ಅನುಸೂಚಿಯಲ್ಲಿ, ಹದ್ದು ಮೊದಲ ಅನುಸೂಚಿಯಲ್ಲಿ, ಅವೆರಡೂ ಇರುವ ಕಲ್ಲು ಗುರಿಯ ಪಟ್ಟಿಯಲ್ಲಿ ಎನ್ನುವುದು ನನಗೆ ಒಪ್ಪಿತವಾಗಿಲ್ಲ. ಪರಿಸರದ ಪರವಾಗಿ ದನಿ ಎತ್ತಿದವರಿಗೆ ನನ್ನ ದನಿಯೂ ಸೇರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನೀರಿನ ಕೆಳಗಿನ ಮಾತು. ಹೆಚ್ಚಿನವರಿಗೆ ಹವಳ ಕಲ್ಲೆಂದೇ ಭಾವನೆ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಸೆಂಟಿಮೀಟರಿನ ಲೆಕ್ಕ. ಕುಂಬಳಕಾಯಿಯಷ್ಟು ದೊಡ್ಡದೊಂದು ಕಂಡರೆ ಅದು ಹುಡುಗಿಗಿಂತ ಹಿರಿಯದು. ಅದರ ಮೇಲೆ ಲಂಗರು ಬಿದ್ದರೆ ಒಂದು ಕ್ಷಣದಲ್ಲಿ ಮುಗಿಯಿತು. ಬಿದ್ದ ಮೇಲೆ ಗಾಳಿಗೆ ದೋಣಿ ಸುತ್ತಿದಷ್ಟೂ ಸರಪಳಿ ಸುತ್ತಲಿನದನ್ನು ಉಜ್ಜುತ್ತ ಹೋಗುತ್ತದೆ. ಹಾಗಾಗಿ ಲಂಗರಿನ ಪ್ರಶ್ನೆಯನ್ನು ತಾಂಡೇಲರ ಹತ್ತಿರ ಎರಡೆರಡು ಸಲ ಕೇಳಿದೆ. ಹವಳದ ಮೇಲೆ ಲಂಗರು ಇಲ್ಲ. ಒಬ್ಬರು ದೋಣಿಯಲ್ಲೇ ಇದ್ದು, ದಡದಿಂದ ದೂರದಲ್ಲಿ ದೋಣಿಯನ್ನು ನಿಧಾನವಾಗಿ ತೇಲಲು ಬಿಡುವುದು. ನಾವು ಲೈಫ್ ಜಾಕೆಟ್ ತೊಟ್ಟು, ಮುಖವಾಡ ಹಾಕಿ, ಹಗ್ಗದ ಅಳತೆಯಲ್ಲಿ ನೀರಿನ ಮೇಲೆಯೇ ಮಲಗಿ ನೋಡುವುದು. ಕಾಲಿಗೆ ಏನಾದರೂ ತಗುಲಿದರೆ ನಿಲ್ಲಬಾರದು, ಮೊಣಕಾಲು ಮಡಚಿ ತೇಲಬೇಕು. ಇದನ್ನು ಹುಡುಗಿಗೆ ಬೆಂಗಳೂರಿನ ಈಜುಕೊಳದಲ್ಲೇ ಅಭ್ಯಾಸ ಮಾಡಿಸುತ್ತಿದ್ದೇನೆ. ಸನ್‌ಸ್ಕ್ರೀನ್ ಹಚ್ಚುವುದಿಲ್ಲ. ಅದರಲ್ಲಿನ ಆಕ್ಸಿಬೆಂಜೋನ್ ಹವಳಕ್ಕೆ ಕೆಡುಕೆಂದು ಹವಾಯಿ ರಾಜ್ಯ 2021ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸಿದೆ. ಉದ್ದ ತೋಳಿನ ಈಜುಡುಗೆ ಬಿಸಿಲಿಗೆ ಸಾಕು.

ಹವಳಕ್ಕೆ ನಿಜವಾದ ಬೆಂಕಿ ಬಿದ್ದಿರುವುದು ನಮ್ಮ ಲಂಗರಿನಿಂದಲ್ಲ, ಬಿಸಿಯಾಗುತ್ತಿರುವ ನೀರಿನಿಂದ ಎನ್ನುವುದು ನನಗೆ ಗೊತ್ತು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾದದ್ದು ಬಿಸಿನೀರಿಗೆ. 2024ರಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೆಯ ಸುತ್ತಿನ ಬಿಳುಚುವಿಕೆ ಆರಂಭವಾಗಿದೆಯೆಂದರು. ನಾನೊಬ್ಬ ಎಚ್ಚರಿಕೆಯಿಂದ ತೇಲಿದರೆ ಕಡಲು ತಣ್ಣಗಾಗುವುದಿಲ್ಲ. ಆದರೆ ಜ್ವರದಲ್ಲಿರುವವರ ಮೈ ಮೇಲೆ ಕಾಲಿಡದಿರಲು ಬೇರೆ ಕಾರಣ ಬೇಕೆ? ಬಿಸಿಗೆ ಬೆಳ್ಳಗಾದ ಹವಳ ಸತ್ತೇಹೋಗಬೇಕೆಂದಿಲ್ಲ, ಚೇತರಿಸಿಕೊಳ್ಳುವುದೂ ಉಂಟು. ಒಡೆದು ಚೂರಾದದ್ದಕ್ಕೆ ಆ ಅವಕಾಶ ಕಡಿಮೆ.

ಬುತ್ತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ: ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ, ಬಾಳೆಹಣ್ಣು, ಸ್ಟೀಲ್ ಬಾಟಲಿಯಲ್ಲಿ ನೀರು, ಹೊಟ್ಟೆ ತೊಳೆಸಿದರೆ ಶುಂಠಿ. ಪ್ಲಾಸ್ಟಿಕ್ ಪೊಟ್ಟಣ ಒಂದೂ ದೋಣಿ ಹತ್ತುವುದಿಲ್ಲ. ಬಾಳೆಹಣ್ಣಿನ ಸಿಪ್ಪೆಯೂ ತಿರುಗಿ ಬರುತ್ತದೆ. ಸಣ್ಣ ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ. ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಬೇಕು, ಇಲ್ಲವಾದರೆ ಅವರು ನೀರು ಕುಡಿಯದೆ ಬಿಸಿಲಿನಲ್ಲಿ ಬಳಲುತ್ತಾರೆ. ನಾವು ಮಾತಾಡಿದ್ದೇವೆ, ಅದಕ್ಕೂ ಸೇರಿಸಿಯೇ ಐದೂವರೆ ಗಂಟೆಗೆ ಮೀರದ ಪ್ರಯಾಣ.

ಹಾಳೆಯ ಕೊನೆಯ ಭಾಗ ನಮ್ಮ ಕೈಯಲ್ಲಿರುವುದಲ್ಲ, ದಡದಲ್ಲಿ ಉಳಿಯುವವರ ಕೈಯಲ್ಲಿರುವುದು. ಅಕ್ಕ ಮುರ್ಡೇಶ್ವರದಲ್ಲೇ ಇರುತ್ತಾಳೆ. ಅವಳಿಗೆ ಒಂದು ಪ್ರತಿ: ದೋಣಿಯ ಬಣ್ಣ, ನೋಂದಣಿ ಸಂಖ್ಯೆ, ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ ಹೊರಟೆವು. ದಡ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇದೆ, ಕಷ್ಟಕ್ಕೆ 16ನೇ ಚಾನೆಲ್. ಅವಳ ಹತ್ತಿರ ಎರಡು ಸಂಖ್ಯೆ: ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093. ಎರಡು ಇಂಜಿನ್ ಸರಿಯಿದ್ದರೆ ಹನ್ನೆರಡೂವರೆಗೆ, ಒಂದೇ ಇದ್ದರೆ ಒಂದೂವರೆಗೆ ನಾವು ದಡದಲ್ಲಿರಬೇಕು. ಮೂರು ಗಂಟೆಯಾದರೂ ಸುದ್ದಿಯಿಲ್ಲದಿದ್ದರೆ ಕರೆ ಮಾಡು ಎಂದು ಬರೆದು ಕೊಟ್ಟಿದ್ದೆ.

ಅವಳು ಓದಿ ಪೆನ್ನು ಕೇಳಿದಳು. "ಮೂರಕ್ಕೆ ಮಾಡಿದ್ರೆ ಅವ್ರಿಗೆ ಹುಡ್ಕೂಕೆ ಬೆಳಕು ಎಷ್ಟು ಹೊತ್ತು ಉಳೀತು ಹೇಳು?" ಜನವರಿಯಲ್ಲಿ ಆರೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಮೂರನ್ನು ಹೊಡೆದು ಎರಡು ಎಂದು ಬರೆದು, ನನ್ನ ಪ್ರತಿಯಲ್ಲೂ ಹಾಗೇ ತಿದ್ದಿಸಿದಳು.